ರೋಹನ್ ಗಾವಸ್ಕರ್‌ಗೆ ಇನ್ನಷ್ಟು ಅವಕಾಶ ಸಿಗಬೇಕಿತ್ತೇ?

ಪರ

ಮುಂಬೈ ಮಾಟುಂಗದ ದಡ್ಕರ್ ಮೈದಾನದ ಬದಿಯಲ್ಲಿ ಕ್ರಿಕೆಟ್ ಮಾತಿಗೆ ನಿಂತ ನಮ್ಮ ಕನ್ನಡಿಗರು ಸುನಿಲ್ ಗಾವಸ್ಕರ್ ಮಗ ರೋಹನ್ ಹೆಸರು ಬಂದ ಕೂಡಲೇ ‘ಅಪ್ಪನ ಆಟ ಮಗನಿಗೆ ಬರಲಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಲೆಕ್ಕ ಬಿಡಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಭಾರತಕ್ಕೆ ಅವನು ಆಡಿದ್ದು 2004ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ 11 ಏಕದಿನ ಪಂದ್ಯ, 151 ರನ್, ಸರಾಸರಿ 18.87. ಟೆಸ್ಟ್ ಒಂದೂ ಇಲ್ಲ. ಆಗ ನಮ್ಮ ದ್ರಾವಿಡ್ ವಿಕೆಟ್ ಕೀಪರ್‌ನ ಗ್ಲೌಸ್ ತೊಡುತ್ತಿದ್ದರಿಂದ ತಂಡಕ್ಕೆ ಏಳನೆಯ ಬ್ಯಾಟ್ಸ್‌ಮನ್‌ನನ್ನು ಆಡಿಸಲು ಸಾಧ್ಯವಾಗುತ್ತಿತ್ತು. ರೋಹನ್‌ಗೆ ಸಿಕ್ಕಿದ್ದು ಆ ಕೆಳಗಿನ ಜಾಗ. ಅಲ್ಲಿ ಆಡುವವನು ಎಷ್ಟೋ ಸಲ 40 ಓವರ್ ದಾಟಿದ ಮೇಲೆ ಕ್ರೀಸಿಗೆ ಬರುತ್ತಾನೆ. ಅಂದಿನ ನಿಯಮದಲ್ಲಿ 50 ಓವರಿಗೂ ಒಂದೇ ಬಿಳಿ ಚೆಂಡು. ಅಷ್ಟೊತ್ತಿಗೆ ಅದು ಮಾಸಿ, ಮೆತ್ತಗಾಗಿ, ಒಳ್ಳೆಯ ವೇಗಿಯ ಕೈಯಲ್ಲಿ ರಿವರ್ಸ್ ಸ್ವಿಂಗ್ ಆಗುತ್ತಿತ್ತು, ಅಂದರೆ ಎಣಿಸಿದ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತಿತ್ತು. ಮೊದಲ 15 ಓವರ್ ಮುಗಿದರೆ ಐವರು ಫೀಲ್ಡರುಗಳು ಬೌಂಡರಿಯಲ್ಲಿ. ಕಣ್ಣು ಕೂರುವ ಮೊದಲೇ ಎತ್ತಿ ಹೊಡೆಯಬೇಕು, ತಪ್ಪಿದರೆ ಲಾಂಗ್ ಆನ್‌ನಲ್ಲಿ ಕ್ಯಾಚ್. ಇಂಥ ಜಾಗದ ಸರಾಸರಿಯನ್ನು ಆರಂಭಿಕನ ಸರಾಸರಿಯಂತೆ ಓದುವುದು ಅನ್ಯಾಯ.

ನಿಂತು ಆಡುವ ಅವಕಾಶ ಸಿಕ್ಕಾಗ ಏನಾಯಿತು? ಅಡಿಲೇಡ್‌ನಲ್ಲಿ ಜಿಂಬಾಬ್ವೆ ವಿರುದ್ಧ ಲಕ್ಷ್ಮಣ್ ಶತಕ ಬಾರಿಸಿದ ಪಂದ್ಯದಲ್ಲಿ ರೋಹನ್ 54 ಹೊಡೆದ. ಭಾರತ ಗೆದ್ದಿದ್ದು ಬರೀ 3 ರನ್‌ಗಳಿಂದ. ಆ 54ರಲ್ಲಿ ನಾಲ್ಕು ಕಳೆದು ನೋಡಿ! ಎಡಗೈ ಸ್ಪಿನ್‌ನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್‌ನಂಥವನ ಕ್ಯಾಚನ್ನು ತಾನೇ ಹಿಡಿದಿದ್ದ.

ತಾಳ್ಮೆಯ ಮಾತಿಗೆ ಬಂದರೆ, ಸಚಿನ್‌ನ ಮೊದಲ ಏಕದಿನ ಶತಕ ಬಂದದ್ದು 79ನೇ ಪಂದ್ಯದಲ್ಲಿ. ಸ್ವತಃ ಸುನಿಲ್ ಗಾವಸ್ಕರ್ ಹೊಡೆದ ಒಂದೇ ಒಂದು ಏಕದಿನ ಶತಕ 1987ರ ವಿಶ್ವಕಪ್‌ನಲ್ಲಿ, ನಾಗಪುರದಲ್ಲಿ, ತಮ್ಮ 107ನೇ ಪಂದ್ಯದಲ್ಲಿ. ಅಪ್ಪನಿಗೆ 107, ಮಗನಿಗೆ 11!

ಹೆಸರಿನ ಬಲದಿಂದ ಬಂದ ಅನ್ನುವವರು ಇದನ್ನೂ ನೆನಪಿಡಲಿ: ಅವನು ರಣಜಿ ಆಡಿದ್ದು ಅಪ್ಪನ ಮುಂಬೈಗಲ್ಲ, ಬಂಗಾಳಕ್ಕೆ. ಪ್ರಥಮ ದರ್ಜೆಯಲ್ಲಿ 6,938 ರನ್, ಸರಾಸರಿ 44.19. ಇದು ದುಡಿದ ಗಳಿಕೆ. ಅವನ ಪೂರ್ತಿ ಹೆಸರು ರೋಹನ್ ಜೈವಿಶ್ವ. ‘ರೋಹನ್’ ವೆಸ್ಟ್ ಇಂಡೀಸ್‌ನ ರೋಹನ್ ಕನ್ಹಾಯಿ, ‘ಜೈ’ ಭಾರತದ ಎಂ.ಎಲ್. ಜೈಸಿಂಹ, ಆ ‘ವಿಶ್ವ’ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್, ಅವನ ಸೋದರತ್ತೆಯ ಗಂಡ. ಮೂರು ದಿಗ್ಗಜರ ಹೆಸರು, ಮೇಲೆ ಗಾವಸ್ಕರ್ ಅನ್ನುವ ಅಡ್ಡಹೆಸರು. ಇಷ್ಟು ಹೊರೆ ಹೊತ್ತವನನ್ನು ಎಂಟು ತಿಂಗಳಲ್ಲಿ ಅಳೆದು ಕೆಳಗಿಳಿಸಿದ್ದು ಸರಿಯಲ್ಲ.

ವಿರೋಧ

ಈ ಪಕ್ಷ ನನ್ನ ಪಾಲಿಗೆ ಬಂದಿದೆ. ಬಂಗಾಳಕ್ಕೆ ರೋಹನ್ ಗಳಿಸಿದ ರನ್‌ಗಳ ಬಗ್ಗೆ ನನಗೂ ಗೌರವವಿದೆ. ಆದರೂ 11 ಪಂದ್ಯ ಕಡಿಮೆ ಅನ್ನಲಾರೆ.

ಏಳನೇ ಕ್ರಮಾಂಕ ಕಷ್ಟ, ನಿಜ. ಆದರೆ 2002ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ 326 ಬೆನ್ನಟ್ಟುವಾಗ 146ಕ್ಕೆ ಐದು ವಿಕೆಟ್ ಹೋಗಿದ್ದಾಗ ಏಳನೆಯವನಾಗಿ ಬಂದ ಕೈಫ್ 87 ಹೊಡೆದು ಔಟಾಗದೆ ಉಳಿದ. ಚೆಂಡು ಅವನಿಗೂ ಹಳೆಯದೇ ಆಗಿತ್ತು. 2004ರ ಡಿಸೆಂಬರ್‌ನಲ್ಲಿ ಧೋನಿ ಬಂದ ಮೇಲಂತೂ ಗ್ಲೌಸ್ ತೊಟ್ಟವನೇ ಹೊಡೆಯತೊಡಗಿದ. ದ್ರಾವಿಡ್‌ರಿಂದ ಕೀಪಿಂಗ್ ಮಾಡಿಸಿ ಹುಟ್ಟಿಸಿದ್ದ ಆ ಹೆಚ್ಚುವರಿ ಜಾಗವೇ ಬೇಕಾಗಲಿಲ್ಲ. ಶತಕಕ್ಕೆ 79 ಪಂದ್ಯ ಕಾಯಿರಿ ಎಂದರೆ ದೇಶದ ಪ್ರತಿ ಬ್ಯಾಟ್ಸ್‌ಮನ್‌ಗೂ 79 ಪಂದ್ಯ ಕೊಡಬೇಕಾದೀತು.

ಅವಕಾಶದ ಅನ್ಯಾಯ ಎಂದರೆ ಮುಂಬೈಯಲ್ಲಿ ಕುಳಿತು ನನಗೆ ಬೇರೆ ಹೆಸರುಗಳೇ ನೆನಪಾಗುತ್ತವೆ. ಮುಂಬೈಯ ಸ್ಪಿನ್ನರ್ ಪದ್ಮಾಕರ್ ಶಿವಾಲ್ಕರ್, ಪ್ರಥಮ ದರ್ಜೆಯಲ್ಲಿ 589 ವಿಕೆಟ್, ಟೆಸ್ಟ್ ಸೊನ್ನೆ. ಮುಂಬೈಯ ಬ್ಯಾಟ್ಸ್‌ಮನ್ ಅಮೋಲ್ ಮಜುಂದಾರ್ ರಣಜಿಯ ಮೊದಲ ಇನಿಂಗ್ಸ್‌ನಲ್ಲೇ ಹರಿಯಾಣದ ವಿರುದ್ಧ 260 ಹೊಡೆದ, ಪ್ರಥಮ ದರ್ಜೆಯಲ್ಲಿ 11 ಸಾವಿರ ರನ್ ದಾಟಿದ. ಭಾರತದ ಅಂಗಿ ತೊಟ್ಟು ಅವನಿಗೆ ಆಡಲು ಸಿಕ್ಕ ಪಂದ್ಯ ಒಂದೂ ಇಲ್ಲ.