ನೋಡುವವರಿಗೆ ಕಿಟಕಿ, ಏಳುವವರಿಗೆ ಐಲ್

ಹಗಲು ವಿಮಾನದಲ್ಲಿ ಕಿಟಕಿ ಸೀಟು ಹಿಡಿದು, ಕೂತ ಕೂಡಲೇ ಶೇಡ್ ಎಳೆದು ಮಲಗಿಬಿಡುವವರ ಮೇಲೆ ನನಗೊಂದು ತಕರಾರಿದೆ. ಅವರ ಕಷ್ಟ ಗೊತ್ತಿಲ್ಲ ಅಂತಲ್ಲ. ಬೆಳಗಿನ ಜಾವ ಎದ್ದು, ಟ್ಯಾಕ್ಸಿ ಹಿಡಿದು ದೇವನಹಳ್ಳಿ ಸೇರಿರುತ್ತಾರೆ. ತಲೆ ಒರಗಿಸೋಕೆ ಒಂದು ಗೋಡೆ ಬೇಕಿರುತ್ತದೆ. ಆದರೆ ಅದೇ ಸಾಲಿನ ಮಧ್ಯದ ಸೀಟಿನಲ್ಲಿ ಮೊದಲ ಸಲ ವಿಮಾನ ಹತ್ತಿದವರು ಯಾರೋ ಕತ್ತು ಚಾಚಿಕೊಂಡು ಕೂತಿರುತ್ತಾರೆ. ಅವರಿಗೆ ಕಾಣುವುದು ಆ ಬಿಳಿ ಪ್ಲಾಸ್ಟಿಕ್ ಮಾತ್ರ. ಶೇಡ್ ಸ್ವಲ್ಪ ತೆಗೀತೀರಾ ಅಂತ ಕೇಳೋಕೂ ಅವರಿಗೆ ಸಂಕೋಚ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಕಿಟಕಿಯೋ ಐಲೋ, ಅಂದರೆ ನಡುದಾರಿ ಪಕ್ಕದ ಸೀಟೋ, ಅನ್ನುವ ವಾದ ಗೆಳೆಯರ ನಡುವೆ ಬಂದರೆ ಪ್ರತಿಯೊಬ್ಬರೂ ಒಂದು ಪಕ್ಷ ಹಿಡಿದು ಕೂರುತ್ತಾರೆ. ನಾನು ಯಾವಾಗಲೂ ವಿಂಡೋನೇ, ನಾನು ಯಾವಾಗಲೂ ಐಲೇ ಅಂತ. ಈ 'ಯಾವಾಗಲೂ' ನನಗೆ ಒಪ್ಪಿಗೆಯಿಲ್ಲ. ಹಗಲು ಹೊತ್ತಿನ ಚಿಕ್ಕ ಪ್ರಯಾಣಕ್ಕೆ ಕಿಟಕಿ ಬಿಟ್ಟು ಬೇರೆ ಸೀಟು ಯಾಕೆ ಬೇಕು? ನಾಲ್ಕೈದು ಗಂಟೆ ಮೀರಿದ ಪ್ರಯಾಣವಾದರೆ, ಅದರಲ್ಲೂ ರಾತ್ರಿಯಾದರೆ, ಐಲ್. ದೂರ ಹೋಗುವವರು ವಯಸ್ಸಾದವರಾದರೆ ಎರಡನೇ ಮಾತೇ ಇಲ್ಲ.

ಮೊದಲು ಕಿಟಕಿ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಬೆಳೆದವರು ನಾವು. ಆ ಆಸೆ ವಿಮಾನ ಹತ್ತಿದ ಮೇಲೂ ಹೋಗಬೇಕಾಗಿಲ್ಲ. ಅದಕ್ಕೆ ಹೇಳಿ ಮಾಡಿಸಿದ್ದು ನಮ್ಮ ಚಿಕ್ಕ ಊರುಗಳಿಗೆ ಹಾರುವ ಎಟಿಆರ್ ಅನ್ನುವ, ರೆಕ್ಕೆಗೆ ಫ್ಯಾನಿರುವ ಚಿಕ್ಕ ವಿಮಾನ. ಅದರ ರೆಕ್ಕೆ ನಮ್ಮ ತಲೆಯಿಂದ ಮೇಲಿರುತ್ತದೆ. ಕೆಳಗಿನ ನೋಟಕ್ಕೆ ಅಡ್ಡ ಬರುವುದಿಲ್ಲ. ಜೆಟ್ ವಿಮಾನಗಳು 35,000 ಅಡಿಯ ಆಸುಪಾಸಿನಲ್ಲಿ ಹಾರಿದರೆ, ಇದು 25,000 ಅಡಿ ದಾಟುವುದಿಲ್ಲ. ಚಿಕ್ಕ ದಾರಿಯಾದರೆ ಇನ್ನೂ ಕೆಳಗೆ. ಹಾಗಾಗಿ ಕೆರೆ ಕೆರೆಯಂತೆಯೇ, ರಸ್ತೆ ರಸ್ತೆಯಂತೆಯೇ ಕಾಣುತ್ತದೆ. ಆ ಕಡೆ ಎರಡು ಸೀಟು, ಈ ಕಡೆ ಎರಡು. ಮಧ್ಯದ ಸೀಟಿನ ಪಾಡೇ ಇಲ್ಲ. ಹತ್ತುವುದು, ಇಳಿಯುವುದು ಹಿಂದಿನ ಬಾಗಿಲಿನಿಂದ, ಆದ್ದರಿಂದ ಹಿಂದೆ ಕೂತವರೇ ಮೊದಲು ಇಳಿಯುತ್ತಾರೆ. ಮುಂದೆ ಕೂತರೆ ಫ್ಯಾನಿನ ಸದ್ದು ಜಾಸ್ತಿ.

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ಕ್ಕೆ. ಬೆಂಗಳೂರಿನಿಂದ ವಿಮಾನ ಶುರುವಾದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ನಮ್ಮಮ್ಮ ಮೊದಲ ಸಲ ವಿಮಾನ ಹತ್ತಿದ್ದು ಇದೇ ದಾರಿಯಲ್ಲಿ. ಅವಳ ತವರು ಲಕ್ಕವಳ್ಳಿ ಕಡೆ. ಬೇಕಂತಲೇ ಎಡಗಡೆ ಕಿಟಕಿ ಹಿಡಿದಿದ್ದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಾಯವ್ಯಕ್ಕೆ ಹೋಗಬೇಕು. ಭದ್ರಾ ಅಣೆಕಟ್ಟು, ಬಾಬಾಬುಡನ್‌ಗಿರಿ ಸಾಲು ಎಲ್ಲಾ ಎಡಕ್ಕೇ ಬರುತ್ತವೆ.

ಮೇಲೇರುವ ತನಕ ಅಮ್ಮ ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದಿದ್ದಳು. ಮೋಡದ ನಡುವೆ ನುಗ್ಗಿದಾಗ ಕಣ್ಣು ಮುಚ್ಚಿದಳು. ಆಮೇಲೆ ವಿಮಾನ ಇಳಿಯತೊಡಗಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ದೂರದಲ್ಲಿ ಕಾಡಿನ ಸಂದಿಸಂದಿಗೆ ನುಗ್ಗಿದ ನೀರು, ನೀರಿನ ಮಧ್ಯೆ ಅಲ್ಲಲ್ಲಿ ಹಸಿರು ದಿಬ್ಬ.

'ಅಲ್ನೋಡೇ, ಅದು ನಮ್ಮ ಡ್ಯಾಮಲ್ವಾ?'

ಹೌದಮ್ಮ ಅಂದೆ. ಅವಳು ಹಣೆಯನ್ನು ಗಾಜಿಗೆ ಒತ್ತಿಕೊಂಡೇ ಬೆರಳಲ್ಲಿ ಗೆರೆ ಎಳೆಯತೊಡಗಿದಳು. 'ಈ ಮೂಲೇಲಿ ಲಕ್ಕವಳ್ಳಿ ಬರ್ಬೇಕು. ಅಲ್ಲಿಂದ ಚಾನಲ್ಲು. ಚಾನಲ್ ದಾಟಿದ್ರೆ ಅಣ್ಣನ ತೋಟ.' ತೋಟ ಕಂಡಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳಿಗೆ ಕಂಡಿತ್ತು. ಆ ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು, ಅದು ಇಷ್ಟಗಲ ಹರಡಿದೆ ಅಂತ ನೋಡಿದ್ದು ಅವತ್ತೇ. ಮನೆಗೆ ಹೋಗಿ ಮಾವನಿಗೆ ಫೋನ್ ಮಾಡಿ, 'ಮೇಲಿಂದ ನೋಡಿದ್ರೆ ನಿಮ್ಮೂರು ನೀರಿನ ಬಾಯಲ್ಲಿ ಇದ್ಹಂಗಿದೆ ಕಣೋ' ಅಂದಳು. ಅವತ್ತು ಆ ಕಿಟಕಿ ಬೇರೆ ಯಾರದೋ ಆಗಿದ್ದು, ಅವರು ಶೇಡ್ ಎಳೆದಿದ್ದರೆ?

ಯಾವ ಕಡೆ ಕೂರಬೇಕು ಅಂತ ಮ್ಯಾಪ್ ನೋಡಿ ಮೊದಲೇ ಯೋಚಿಸುವವರು ಕಡಿಮೆ. ಅದಕ್ಕೆ ಐದು ನಿಮಿಷ ಸಾಕು. ಬೆಂಗಳೂರಿನಿಂದ ಮಂಗಳೂರಿಗೆ ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿ. ಮುಳ್ಳಯ್ಯನಗಿರಿ, ಕುದುರೆಮುಖ ಎರಡೂ ಗೆರೆಯ ಬಲಕ್ಕೆ ಬೀಳುತ್ತವೆ. ಗೊರೂರಿನ ಹೇಮಾವತಿ ಜಲಾಶಯ ಎಡಕ್ಕೆ. ನನ್ನ ಮತ ಬಲಗಡೆಗೆ. ಘಟ್ಟದ ತುದಿಯಲ್ಲಿ ನೆಲ ಇದ್ದಕ್ಕಿದ್ದಂತೆ ಕೆಳಗೆ ಕುಸಿದು ಕರಾವಳಿ ಶುರುವಾಗುವ ಜಾಗವಿದೆಯಲ್ಲ, ಅದನ್ನು ರಸ್ತೆಯಲ್ಲಿ ಶಿರಾಡಿ ಇಳಿಯುತ್ತಾ ಎಷ್ಟು ಸಲ ನೋಡಿದ್ದರೂ ಮೇಲಿಂದ ನೋಡುವುದೇ ಬೇರೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಇರುವುದರಿಂದ ಪಶ್ಚಿಮಕ್ಕೆ ಹಾರುವಾಗ ಬಿಸಿಲು ಎಡಗಡೆಯವರಿಗೆ. ಆ ಲೆಕ್ಕದಲ್ಲೂ ಬಲಗಡೆಯೇ ವಾಸಿ. ದೆಹಲಿಗೆ ಹೋಗುವವರು ಬೆಳಗಿನ ವಿಮಾನವಾದರೆ ಎಡಗಡೆ, ಮಧ್ಯಾಹ್ನದ ಮೇಲಾದರೆ ಬಲಗಡೆ ಕೂತರೆ ಮುಖಕ್ಕೆ ಬಿಸಿಲು ಹೊಡೆಯುವುದಿಲ್ಲ. ಬಿಸಿಲು ತಪ್ಪಿದರೆ ಶೇಡ್ ಎಳೆಯುವ ಕಾರಣವೂ ಅರ್ಧ ತಪ್ಪಿತು. ದೆಹಲಿಯಿಂದ ಕಠ್ಮಂಡುವಿಗೋ ಬಾಗ್ಡೋಗ್ರಾಕ್ಕೋ ಹೊರಟರೆ ಕಣ್ಣು ಮುಚ್ಚಿ ಎಡಗಡೆ ಹಿಡಿಯಿರಿ. ಹಿಮಾಲಯ ಆ ಕಡೆ. ವಾಪಸ್ ಬರುವಾಗ ಬಲಗಡೆ. ಬೆಂಗಳೂರಿನಲ್ಲಿ ಇಳಿಯುವಾಗ ನಂದಿಬೆಟ್ಟ ಯಾವ ಕಡೆ ಅನ್ನೋದು ಅವತ್ತಿನ ಗಾಳಿಯ ಮೇಲೆ. ಬೆಟ್ಟ ಇರುವುದು ನಿಲ್ದಾಣದ ಉತ್ತರಕ್ಕೆ. ಪೂರ್ವಕ್ಕೆ ಮುಖ ಮಾಡಿ ಇಳಿದರೆ ಎಡಕ್ಕೆ, ಪಶ್ಚಿಮಕ್ಕೆ ಇಳಿದರೆ ಬಲಕ್ಕೆ.

ಕಿಟಕಿ ಸೀಟು ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಕಾಣುತ್ತದೆ ಅಂದುಕೊಳ್ಳಬೇಡಿ. ಎ320 ತರದ ಜೆಟ್ ವಿಮಾನದಲ್ಲಿ ಸುಮಾರು 10ರಿಂದ 20ನೇ ಸಾಲಿನವರಿಗೆ ಕೆಳಗೆ ಕಾಣುವುದು ರೆಕ್ಕೆಯೇ. ಕೆಲವು ವಿಮಾನಗಳಲ್ಲಿ ಗೋಡೆಯೊಳಗೆ ಎಸಿ ಪೈಪು ಹಾದುಹೋಗುವ ಕಡೆ ಕಿಟಕಿಯೇ ಇರುವುದಿಲ್ಲ. ಅಂಥ ಸೀಟನ್ನೂ ಕಿಟಕಿ ಸೀಟು ಅಂತ ಮಾರಿದರು ಅಂತ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಡೆಲ್ಟಾ, ಯುನೈಟೆಡ್ ಕಂಪನಿಗಳ ಮೇಲೆ ಪ್ರಯಾಣಿಕರು ಕೋರ್ಟಿಗೆ ಹೋದರು. ಸರಿಯಾಗಿಯೇ ಮಾಡಿದರು ಅಂತ ನನ್ನ ಅನಿಸಿಕೆ. ಕಿಟಕಿ ಅಂತ ದುಡ್ಡು ತಗೊಂಡ ಮೇಲೆ ಕಿಟಕಿ ಕೊಡಬೇಕು, ಅಲ್ವಾ?

ಇನ್ನೊಂದು ಮಾತು. ಏರುವಾಗ, ಇಳಿಯುವಾಗ ಶೇಡ್ ತೆಗೆಯಿರಿ ಅಂತ ಗಗನಸಖಿಯರು ಹೇಳಿದಾಗ ಮುಖ ಸಿಂಡರಿಸುವವರಿದ್ದಾರೆ. ಅವರು ಸುಮ್ನೆ ಹೇಳುವುದಿಲ್ಲ. ಏನಾದರೂ ಅನಾಹುತವಾದರೆ ಹೊರಗೆ ಯಾವ ಕಡೆ ಬೆಂಕಿ, ಯಾವ ಕಡೆ ಇಳಿಯಬಹುದು ಅಂತ ಒಳಗಿನಿಂದಲೇ ಗೊತ್ತಾಗಬೇಕು. ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಅಂತ ತೋರಿಸಿಕೊಟ್ಟ ಮೇಲೆಯೇ ದೊಡ್ಡ ವಿಮಾನಗಳಿಗೆ ಪರವಾನಗಿ. ಅಷ್ಟು ಕಡಿಮೆ ಹೊತ್ತಿನಲ್ಲಿ ಶೇಡ್ ತೆಗೆದು ನೋಡುತ್ತಾ ಕೂರಲು ಆಗುತ್ತದಾ?

ಈಗ ಐಲ್ ವಿಷಯ. ಇದನ್ನು ಬರೆಯಬೇಕು ಅನ್ನಿಸಿದ್ದೇ ಇದರಿಂದ.

ನಮ್ಮ ಎಷ್ಟೋ ಮನೆಗಳ ಅಪ್ಪ ಅಮ್ಮಂದಿರು ಈಗ ಅಮೆರಿಕಕ್ಕೆ ಹೋಗಿ ಬರುತ್ತಾರೆ. ಮಗಳ ಬಾಣಂತನ, ಮಗನ ಗೃಹಪ್ರವೇಶ. ಟಿಕೆಟ್ ಮಾಡುವುದು ಮಕ್ಕಳು. ಅಮ್ಮ ಆರಾಮಾಗಿ ಹೊರಗೆ ನೋಡಿಕೊಂಡು ಬರಲಿ ಅಂತ ಪ್ರೀತಿಯಿಂದ, ದುಡ್ಡು ಕೊಟ್ಟು ಕಿಟಕಿ ಸೀಟು ತೆಗೆದಿರುತ್ತಾರೆ. ಒಮ್ಮೆ ದೋಹಾದಿಂದ ಮುಂದಿನ ಪ್ರಯಾಣದಲ್ಲಿ ನನ್ನದು ಐಲ್, ಕಿಟಕಿಯಲ್ಲಿ ಹಾಸನ ಕಡೆಯ ಒಬ್ಬರು ಅಮ್ಮ, ನಮ್ಮಿಬ್ಬರ ನಡುವೆ ಗಾಢ ನಿದ್ದೆಯಲ್ಲಿದ್ದ ಒಬ್ಬ ಹುಡುಗ. ಊಟ ಬಂತು, ನೀರು ಬಂತು. ಆ ಅಮ್ಮ ನೀರಿನ ಬಾಟಲಿಯನ್ನು ಮುಟ್ಟಲಿಲ್ಲ. ಎರಡನೇ ಸಲ ಜ್ಯೂಸ್ ಬಂದಾಗಲೂ ಬೇಡ ಅಂದರು.

'ಯಾಕಮ್ಮಾ, ಹುಷಾರಿಲ್ವಾ?' ಅಂತ ಕೇಳಿದೆ.

'ಹುಷಾರಿದೀನಿ ಕಣಮ್ಮ. ಕುಡಿದ್ರೆ ಏಳ್ಬೇಕಾಗುತ್ತಲ್ಲ. ಸಕ್ಕರೆ ಕಾಯಿಲೆ ಬೇರೆ. ಈ ಹುಡ್ಗನ್ನ ಎಷ್ಟು ಸಲ ಎಬ್ಬಿಸ್ಲಿ?'

ಕಾಲು ನೋಡಿದೆ. ಪಾದದ ಹತ್ತಿರ ಊದಿಕೊಂಡು, ಚಪ್ಪಲಿ ಬಿಟ್ಟು ಕೂತಿದ್ದರು. ಆ ಹುಡುಗನನ್ನು ಎಬ್ಬಿಸಿ ಜಾಗ ಬದಲಾಯಿಸಿದೆವು. ಅವರು ಐಲಿಗೆ ಬಂದರು, ನಾನು ಕಿಟಕಿಗೆ ಹೋದೆ. ಆಮೇಲೆ ನೀರು ಕುಡಿದರು, ಎದ್ದು ಓಡಾಡಿದರು, ಹಿಂದುಗಡೆ ಅಡುಗೆಮನೆಯಂಥ ಜಾಗವಿದೆಯಲ್ಲ, ಅಲ್ಲಿ ಹೋಗಿ ಬಿಸಿನೀರು ಕೇಳಿ ಇಸ್ಕೊಂಡರು. ಮಗಳಿಗೆ ಫೋನಿನಲ್ಲಿ ಇದನ್ನು ಹೇಳ್ತೀರಾ ಅಂದರೆ, 'ಪಾಪ, ಅವಳು ಆಸೆಯಿಂದ ತೆಗ್ದಿದ್ದು, ಬೇಜಾರ್ ಮಾಡ್ಕೋತಾಳೆ' ಅಂದರು. ನಮ್ಮ ಹಿರಿಯರು ಹೀಗೇ. ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನಾವೇ ತಿಳಿದುಕೊಳ್ಳಬೇಕು.

ಇದು ಬರೀ ಬಾತ್‌ರೂಮ್ ಪ್ರಶ್ನೆಯಲ್ಲ. ನಾಲ್ಕು ಗಂಟೆ ಮೀರಿ ಕೂತೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹಾಗಂತ ಹೆದರಬೇಕಾಗಿಲ್ಲ. ಎರಡು ಪಟ್ಟಾದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. ಆದರೆ ಮೊದಲೇ ಇಂಥ ತೊಂದರೆ ಇದ್ದವರು, ಈಚೆಗೆ ಆಪರೇಶನ್ ಆದವರು, ತುಂಬಾ ದಪ್ಪ ಇರುವವರು ಜಾಸ್ತಿ ಎಚ್ಚರ ವಹಿಸಬೇಕು. ಅಂಥವರು ಹೊರಡುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು. ಉಳಿದವರಿಗೆಲ್ಲ ಮದ್ದು ಒಂದೇ, ಆಗಾಗ ಏಳೋದು, ಕಾಲು ಆಡಿಸೋದು.

ಕಿಟಕಿಯಲ್ಲಿ ಕೂತವರು ಏಳುವುದೇ ಕಡಿಮೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಮತ್ತು ಜಾರ್ಜಿಯಾ ಟೆಕ್‌ನವರು ವಿಮಾನದೊಳಗೆ ಕೂತು ಯಾರು ಎಷ್ಟು ಓಡಾಡುತ್ತಾರೆ ಅಂತ ಬರೆದುಕೊಂಡು 2018ರಲ್ಲಿ ಪ್ರಕಟಿಸಿದರು. ಐಲ್ ಸೀಟಿನವರಲ್ಲಿ ಶೇಕಡಾ 80 ಮಂದಿ ಒಮ್ಮೆಯಾದರೂ ಎದ್ದಿದ್ದರು. ಮಧ್ಯದ ಸೀಟಿನವರಲ್ಲಿ 62. ಕಿಟಕಿಯವರಲ್ಲಿ 43 ಮಾತ್ರ. ಆ ಸಂಶೋಧಕರು ನೋಡಲು ಹೊರಟಿದ್ದು ಸೋಂಕು ಹೇಗೆ ಹರಡುತ್ತದೆ ಅನ್ನೋದನ್ನ. ಕಡಿಮೆ ಓಡಾಡುವುದರಿಂದ ಕಿಟಕಿಯವರಿಗೆ ರೋಗಿಗಳ ಸಂಪರ್ಕವೂ ಕಡಿಮೆ ಅಂತ ಅವರು ಹೇಳಿದರು. ಅದು ಕಿಟಕಿ ಪರವಾದ ಒಳ್ಳೆಯ ವಾದವೇ. ಆದರೂ ಹದಿನಾಲ್ಕು ಗಂಟೆ ಕೂರಬೇಕಾದ ಎಪ್ಪತ್ತರ ಅಜ್ಜಿಗೆ ನಾನು ಮಾಸ್ಕ್ ಕೊಟ್ಟು ಐಲಿನಲ್ಲೇ ಕೂರಿಸುತ್ತೇನೆ.

ಐಲಿನಲ್ಲಿ ತೊಂದರೆ ಇಲ್ಲವೇ ಅಂದರೆ, ಇದೆ. ಊಟದ ಗಾಡಿ ಹೋಗುವಾಗ ಮೊಣಕೈಗೆ ತಾಗುತ್ತದೆ. ಪಕ್ಕದವರಿಗೋಸ್ಕರ ನಿದ್ದೆಯಿಂದ ಏಳಬೇಕು. ಅದನ್ನು ಒಪ್ಪಿಕೊಂಡೇ ಆ ಸೀಟು ತೆಗೆದುಕೊಳ್ಳಬೇಕು. ಎಬ್ಬಿಸಿದಾಗ ನಗುಮುಖದಿಂದ ಎದ್ದರೆ ಒಳಗೆ ಕೂತವರು ಇನ್ನೊಂದು ಸಲ ನೀರು ಕುಡಿಯುತ್ತಾರೆ. ಮಧ್ಯದ ಸೀಟಿನವರಿಗೆ ಎರಡೂ ಕಡೆ ಕೈ ಇಡುವ ಜಾಗ ಬಿಟ್ಟುಕೊಡಿ. ಅವರಿಗೆ ಗೋಡೆಯೂ ಇಲ್ಲ, ದಾರಿಯೂ ಇಲ್ಲ.

ಸೀಟು ಬದಲಾಯಿಸಿಕೊಡಿ ಅಂತ ಕೇಳುವವರಿಗೂ ಒಂದು ವಿನಂತಿ. ಎದುರಿನವರ ಸೀಟಿನಷ್ಟೇ ಒಳ್ಳೆಯದನ್ನೋ ಅದಕ್ಕಿಂತ ಒಳ್ಳೆಯದನ್ನೋ ಕೊಡುವುದಾದರೆ ಕೇಳಿ. ಗಂಡ ಹೆಂಡತಿ ಒಟ್ಟಿಗೆ ಕೂರಬೇಕು ಅಂತ, ದುಡ್ಡು ಕೊಟ್ಟು ಐಲ್ ಹಿಡಿದ ಹಿರಿಯರನ್ನು ಮಧ್ಯದ ಸೀಟಿಗೆ ಕಳಿಸುವುದು ಸರಿಯಲ್ಲ. ಚಿಕ್ಕ ಮಕ್ಕಳ ವಿಷಯ ಬೇರೆ. ಒಂದೇ ಪಿಎನ್‌ಆರ್‌ನಲ್ಲಿದ್ದರೆ 12 ವರ್ಷದವರೆಗಿನ ಮಕ್ಕಳಿಗೆ ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಕವಾದರೂ ಸೀಟು ಕೊಡಬೇಕು ಅಂತ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ 2024ರ ಏಪ್ರಿಲ್‌ನಲ್ಲೇ ವಿಮಾನ ಕಂಪನಿಗಳಿಗೆ ಹೇಳಿದೆ. ಸೀಟು ಸಿಗದಿದ್ದರೆ ಕೌಂಟರಿನಲ್ಲೇ ಕೇಳಿ. ಒಳಗೆ ಹೋದ ಮೇಲೆ ಸಹಪ್ರಯಾಣಿಕರ ಹತ್ತಿರ ಬೇಡಿಕೊಳ್ಳುವ ಪಾಡು ತಪ್ಪುತ್ತದೆ.

ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವವರು ಸೀಟು ಒತ್ತುವ ಮೊದಲು ಅವರಿಗೆ ಒಂದು ಫೋನ್ ಮಾಡಿ. 'ಯಾವುದಾದ್ರೂ ಆಗುತ್ತೆ' ಅನ್ನುತ್ತಾರೆ. ಅಲ್ಲಿಗೇ ಬಿಡಬೇಡಿ. ರಾತ್ರಿ ಎಷ್ಟು ಸಲ ಏಳ್ತೀರಿ, ಮಂಡಿ ನೋವು ಹೇಗಿದೆ ಅಂತ ಬಿಡಿಸಿ ಕೇಳಿ. ಇಬ್ಬರೂ ಒಟ್ಟಿಗೆ ಹೊರಟಿದ್ದರೆ ಒಂದೇ ಸಾಲಿನಲ್ಲಿ ನಡುದಾರಿಯ ಆ ಕಡೆ ಒಂದು, ಈ ಕಡೆ ಒಂದು ಐಲ್ ತೆಗೆಯಿರಿ. ಮಾತಾಡಿಕೊಂಡೂ ಹೋಗಬಹುದು, ಯಾರನ್ನೂ ಎಬ್ಬಿಸದೆ ಏಳಲೂಬಹುದು.

ನಮ್ಮ ರಾಜ್ಯದೊಳಗೆ ನಾನು ಹಗಲು ಹೊತ್ತಿನಲ್ಲಿ ಹಾರದ ದಾರಿ ಬೆಳಗಾವಿಯದು. ಹೋಗಿಬಂದವರು ಯಾವ ಕಡೆ ಕೂತರೆ ಏನು ಕಾಣುತ್ತದೆ ಅಂತ ಬರೆಯಿರಿ. ಮುಂದಿನ ತಿಂಗಳು ಅಲ್ಲೊಂದು ಮದುವೆಯಿದೆ, ಸೀಟು ಇನ್ನೂ ತೆಗೆದಿಲ್ಲ.