ಮಂಗಳವಾರ ನಡುರಾತ್ರಿಗೆ ಅಲಾರಾಂ ಇಡಿ

ಹಬ್ಬ ಹತ್ತಿರ ಬಂತೆಂದರೆ ಸಾಕು, ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲ ಕಡೆ ಅದೇ ಸುದ್ದಿ: ‘ಅಗ್ಗದ ವಿಮಾನ ಟಿಕೆಟ್‌ನ ಗುಟ್ಟು ಇಲ್ಲಿದೆ’. ಲಕ್ಷಾಂತರ ಜನಕ್ಕೆ ಫಾರ್ವರ್ಡ್ ಆದ ಮೇಲೂ ಗುಟ್ಟಾಗಿಯೇ ಉಳಿದಿರುವ ಗುಟ್ಟು ಇದೊಂದೇ ಇರಬೇಕು. ಮಂಗಳವಾರ ನಡುರಾತ್ರಿ ಬುಕ್ ಮಾಡಿ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ಹುಡುಕಿದ್ದರ ಗುರುತು ಉಳಿಯದಂತೆ, ತೆರೆಯಿರಿ. ಜಾಲತಾಣಗಳು ನಿಮ್ಮ ಬ್ರೌಸರಿನಲ್ಲಿ ಬಿಟ್ಟುಹೋಗುವ ಗುರುತುಗಳಾದ ಕುಕೀಸ್ ಅಳಿಸಿ. ಒಂದೇ ಊರನ್ನು ಮತ್ತೆ ಮತ್ತೆ ಹುಡುಕಬೇಡಿ, ಕಂಪನಿಗೆ ನಿಮ್ಮ ಆಸೆ ಗೊತ್ತಾಗಿಬಿಡುತ್ತದೆ. ಸೈಟು ಕೊಳ್ಳಲು ಹೊರಟವರೂ ಇಷ್ಟು ಗುಮ್ಮನಗುಸುಕರಾಗಿರುವುದಿಲ್ಲ.

ಮಂಗಳವಾರದ ಮಾತು ಪೂರ್ತಿ ಸುಳ್ಳಲ್ಲ, ಹಳಸಿದ್ದು. ಅಮೆರಿಕದಲ್ಲಿ ಒಂದು ಕಾಲಕ್ಕೆ ಕಂಪನಿಗಳು ವಾರದ ಶುರುವಿನಲ್ಲಿ ರಿಯಾಯಿತಿ ಬಿಡುತ್ತಿದ್ದವು, ಎದುರಾಳಿಗಳು ಮಂಗಳವಾರದ ಹೊತ್ತಿಗೆ ಸರಿಗಟ್ಟುತ್ತಿದ್ದರು. ಈಗ ದರ ಏರಿಳಿಯಲು ವಾರವೂ ಬೇಡ, ಹೊತ್ತೂ ಬೇಡ. ಮಂಗಳವಾರ ಒಳ್ಳೆಯದು, ಆದರೆ ಟಿಕೆಟ್ ಕೊಳ್ಳಲಿಕ್ಕಲ್ಲ, ಹಾರಲಿಕ್ಕೆ. ಶುಕ್ರವಾರ ಸಂಜೆ ಬೆಂಗಳೂರು ಬಿಡುವ, ಭಾನುವಾರ ರಾತ್ರಿ ಬೆಂಗಳೂರಿಗೆ ಮರಳುವ ವಿಮಾನಗಳನ್ನು ಬಿಟ್ಟು ಮಂಗಳವಾರ, ಬುಧವಾರದ ಮಧ್ಯಾಹ್ನ ಹೊರಟರೆ ಸಾಮಾನ್ಯವಾಗಿ ದುಡ್ಡು ಉಳಿಯುತ್ತದೆ. ಮಂಗಳವಾರ ಮಧ್ಯಾಹ್ನ ರಜೆ ಕೊಡುವ ಆಫೀಸು ಯಾವುದು ಎಂಬುದನ್ನು ಮಾತ್ರ ಗುಟ್ಟು ಬರೆಯುವವರು ಹೇಳುವುದಿಲ್ಲ.

ಇನ್‌ಕಾಗ್ನಿಟೊ ತೆರೆದರೆ ಮನೆಯವರಿಗೆ ಹಿಸ್ಟರಿ ಕಾಣದು, ಅಷ್ಟೇ ಲಾಭ. ದರ ಕೂತಿರುವುದು ನಿಮ್ಮ ಬ್ರೌಸರಿನಲ್ಲಲ್ಲ. ಪಟ್ಟಿಯಲ್ಲಿ 3,499 ಇದ್ದದ್ದು ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ 4,120 ಆಗುವುದಕ್ಕೆ ಬೇರೆ ಕಾರಣಗಳಿವೆ. ಬುಕಿಂಗ್ ಪೋರ್ಟಲ್‌ಗಳು ಸ್ವಲ್ಪ ಹಳೆಯ ದರವನ್ನು ಶೇಖರಿಸಿಟ್ಟುಕೊಂಡು ತೋರಿಸುತ್ತವೆ. ಅಥವಾ ಕಡಿಮೆ ದರದ ಕೊನೆಯ ಸೀಟನ್ನು ಇನ್ಯಾರೋ ಹಿಡಿದಿಟ್ಟುಕೊಂಡು ಒಟಿಪಿಗೆ ಕಾಯುತ್ತಿರುತ್ತಾರೆ. ಅವರ ಪಾವತಿ ಕೆಟ್ಟರೆ ಆ ಸೀಟು ಮತ್ತೆ ಮಾರಾಟಕ್ಕೆ ಬರುತ್ತದೆ. ಹಾಗಾಗಿ ಒಂದರ್ಧ ಗಂಟೆ ಬಿಟ್ಟು ನೋಡುವುದು ದಂಡವಲ್ಲ. ಇನ್ನೊಬ್ಬರ ಯುಪಿಐ ಕೈಕೊಡಲಿ ಎಂದು ಹಾರೈಸುವಂತೆ ಮಾಡುವ ವ್ಯಾಪಾರ ಜಗತ್ತಿನಲ್ಲಿ ಬೇರೆ ಯಾವುದಿದೆಯೋ.

ವಿಷಯ ಇರುವುದು ಬಕೆಟ್‌ನಲ್ಲಿ. 180 ಸೀಟಿನ ವಿಮಾನದಲ್ಲಿ 180 ಸೀಟೂ ಒಂದೇ ಅಗಲ, ಮೊಣಕಾಲು ತಾಗುವುದೂ ಒಂದೇ ರೀತಿ. ಆದರೆ ಕಂಪ್ಯೂಟರಿನಲ್ಲಿ ಅವು ಹಲವು ಬಕೆಟ್‌ಗಳಾಗಿ ಹಂಚಿಹೋಗಿರುತ್ತವೆ, ಒಂದೊಂದಕ್ಕೂ ಒಂದೊಂದು ಅಕ್ಷರ, ಒಂದೊಂದು ದರ. ತಳದ್ದು ಖಾಲಿಯಾದರೆ ಮೇಲಿನದು. ಹೊರಡುವ ದಿನಕ್ಕೆ 21, 14, 7 ದಿನ ಉಳಿದಾಗ ತಳದವು ತಾವಾಗಿಯೇ ಮುಚ್ಚಿಕೊಳ್ಳುವುದೂ ಉಂಟು. ದೇಶದೊಳಗಿನ ಸಾಧಾರಣ ಪ್ರಯಾಣಕ್ಕೆ ಮೂರರಿಂದ ಆರು ವಾರ ಮುಂಚೆ ಕೊಳ್ಳಿ ಎನ್ನುವುದರ ಹಿಂದಿನ ತರ್ಕ ಇಷ್ಟೇ. ಆರು ತಿಂಗಳು ಮುಂಚೆ ಕೊಂಡರೆ ಇನ್ನೂ ಅಗ್ಗ ಎಂದೇನಿಲ್ಲ, ಆಗ ಅಗ್ಗದ ಬಕೆಟ್ ತೆರೆಯುವ ದರ್ದು ಕಂಪನಿಗೆ ಇರುವುದಿಲ್ಲ. ದೀಪಾವಳಿ, ಕ್ರಿಸ್‌ಮಸ್‌ಗಾದರೆ ಈ ಲೆಕ್ಕ ಬಿಟ್ಟು ಎರಡು ಮೂರು ತಿಂಗಳ ಮೊದಲೇ ಕೊಂಡು ಸುಮ್ಮನಾಗಿ. ಕಂಪನಿಯ ಕಂಪ್ಯೂಟರು ಪಂಚಾಂಗವನ್ನು ಪುರೋಹಿತರಿಗಿಂತ ಮೊದಲು ಓದಿರುತ್ತದೆ.

ಮನೆಮಂದಿಯೆಲ್ಲ ಹೊರಟವರು ಇದನ್ನು ಗಮನಿಸಬೇಕು. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದಿರಿ ಎನ್ನಿ. 3,200ರ ಬಕೆಟ್‌ನಲ್ಲಿ ಎರಡೇ ಸೀಟು ಉಳಿದಿವೆ, ಮೇಲಿನದು 4,100. ಕಂಪ್ಯೂಟರು ಎರಡನ್ನು ಹಳೆ ದರಕ್ಕೆ, ಎರಡನ್ನು ಹೊಸ ದರಕ್ಕೆ ಕೊಡುವುದಿಲ್ಲ. ನಾಲ್ಕು ಸೀಟು ಒಟ್ಟಿಗೆ ಇರುವ ಬಕೆಟ್‌ಗೆ ಹಾರಿ ಎಲ್ಲರಿಗೂ 4,100 ತೋರಿಸುತ್ತದೆ, ಒಟ್ಟು 16,400. ಇಬ್ಬಿಬ್ಬರಂತೆ ಎರಡು ಸಲ ಮಾಡಿದರೆ 14,600. ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ದರ ಎಲ್ಲಿ ಜಿಗಿಯುತ್ತದೆ ನೋಡಿ. ಮಕ್ಕಳನ್ನು ಒಬ್ಬ ದೊಡ್ಡವರ ಪಿಎನ್‌ಆರ್‌ನಲ್ಲೇ ಇಡಿ. ಕನ್ವೀನಿಯನ್ಸ್ ಫೀ ಕೆಲವೆಡೆ ತಲೆಗಿಷ್ಟು, ಕೆಲವೆಡೆ ಬುಕಿಂಗ್‌ಗಿಷ್ಟು, ಅದನ್ನೂ ಕೂಡಿಸಿ ನೋಡಿ. ವಿಮಾನ ರದ್ದಾದರೆ ಎರಡು ಪಿಎನ್‌ಆರ್‌ನವರನ್ನು ಎರಡು ಬೇರೆ ವಿಮಾನಕ್ಕೆ ಹಾಕಬಹುದು, ಗಂಡ ಹೆಂಡತಿ ಜಗಳ ಆಡಿದ್ದರೆ ಅದೂ ಒಂದು ಅನುಕೂಲವೇ.

ಈ ಬಕೆಟ್ ವಿದ್ಯೆಯ ಮೂಲಪುರುಷರಲ್ಲಿ ಒಬ್ಬ, ಬ್ರಿಟನ್ನಿನ ಬಿಒಎಸಿ ಎಂಬ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್. 1972ರಲ್ಲಿ ಆತ ಕೊಟ್ಟ ಸೂತ್ರ ಕಿರಾಣಿ ಅಂಗಡಿಯವರಿಗೂ ತಿಳಿಯುವಂಥದ್ದು. ಇವತ್ತು 3,000 ಕೊಡುವವನೊಬ್ಬ ಬಾಗಿಲಲ್ಲಿ ನಿಂತಿದ್ದಾನೆ. ಕೊನೆಯ ದಿನ 9,000 ಕೊಡುವವನು ಬರುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಇವತ್ತಿನವನನ್ನು ಕಳಿಸಿಬಿಡು, ಸೀಟು ಖಾಲಿ ಇಡು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದೇ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಿ ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿಯ ಗಿರಾಕಿಗಳನ್ನು ಸೆಳೆಯಿತು. ಸುಮಾರು ಎರಡು ವರ್ಷದಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಇರಲಿಲ್ಲ. ಕೊನೆ ಗಳಿಗೆಯಲ್ಲಿ ಖಾಲಿ ಸೀಟನ್ನು ಚೌಕಾಸಿಗೆ ಕೊಡುತ್ತಾರೆಂದು ಕಾದು ಕೂರುವವರು ಈ ಸೂತ್ರವನ್ನು ಒಮ್ಮೆ ಓದಿಕೊಳ್ಳಬೇಕು. ಖಾಲಿ ಸೀಟು ಕಂಪನಿಯ ಎಡವಟ್ಟಲ್ಲ, ಯಾರಾದರೂ ಗಾಬರಿಯಾಗಿ ಓಡಿಬರಲಿ ಎಂದು ಕಾಯ್ದಿಟ್ಟ ಜಾಗ.

ಇದನ್ನೇ ಖಾಸಗಿ ಬಸ್ಸಿನವರು ಮಾಡಿದರೆ ಸುಲಿಗೆ. ಪ್ರತಿ ಹಬ್ಬಕ್ಕೂ ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತದೆ, ಆರ್‌ಟಿಒದವರು ರಸ್ತೆಗಿಳಿಯುತ್ತಾರೆ, ಪರ್ಮಿಟ್ ರದ್ದಿನ ಮಾತು ಬರುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಸ್ಸು ಮೂರು ಪಟ್ಟು ಕೇಳಿದರೆ ಅದು ಮೈಕಿನ ಮುಂದೆ ಹೇಳುವ ಅನ್ಯಾಯ. ಅದೇ ಊರಿಗೆ ವಿಮಾನ ಐದು ಪಟ್ಟು ಕೇಳಿದರೆ ಡೈನಾಮಿಕ್ ಪ್ರೈಸಿಂಗ್, ಎಂಬಿಎ ಪಾಠ. ಬಸ್ಸಿನವರು ಇಷ್ಟು ವರ್ಷವಾದರೂ ಇಂಗ್ಲಿಷ್ ಹೆಸರಿಟ್ಟುಕೊಳ್ಳಲಿಲ್ಲ, ತಪ್ಪು ಅವರದೇ.

ಸಂಸತ್ತಿನಲ್ಲಿ ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತದೆ: 1994ರಲ್ಲಿ ವಿಮಾನ ಕಂಪನಿಗಳ ಹಳೆ ಕಾಯ್ದೆ ರದ್ದಾಯಿತು, ದರ ಈಗ ಸರ್ಕಾರದ ಕೈಯಲ್ಲಿಲ್ಲ. ವಿಮಾನ ನಿಯಮಗಳು 1937ರ 135ನೇ ನಿಯಮದ ಪ್ರಕಾರ ಖರ್ಚು, ಸೇವೆಯ ಸ್ವರೂಪ, ‘ನ್ಯಾಯಯುತ ಲಾಭ’ ನೋಡಿಕೊಂಡು ಕಂಪನಿಗಳೇ ದರ ಗೊತ್ತು ಮಾಡುತ್ತವೆ. ನ್ಯಾಯಯುತ ಎಂದರೆ ಎಷ್ಟು ಎಂದು ನಿಯಮ ಹೇಳುವುದಿಲ್ಲ. ಅಷ್ಟು ಕೇಳುವುದು ಮರ್ಯಾದಸ್ಥರ ಲಕ್ಷಣವೂ ಅಲ್ಲ.

ಕೈಯಲ್ಲಿಲ್ಲವಂತೆ. ಕೋವಿಡ್ ಬಂದಾಗ, 2020ರ ಮೇ ತಿಂಗಳಿಂದ 2022ರ ಆಗಸ್ಟ್ ಕೊನೆಯವರೆಗೆ, ಅದೇ ಕೈ ದರಕ್ಕೆ ಮಿತಿ ಹಾಕಿತ್ತು. ಗರಿಷ್ಠ ಮಾತ್ರವಲ್ಲ, ಕನಿಷ್ಠವನ್ನೂ. ಯಾರಾದರೂ ಅಗ್ಗವಾಗಿ ಹೋಗಿಬಿಟ್ಟರೆ ಎಂಬ ಕಾಳಜಿ. ಮತ್ತೆ 2025ರ ಡಿಸೆಂಬರ್‌ನ ಆ ವಾರ ನೆನಪಿದೆಯಲ್ಲ, ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಜನ ಸೂಟ್‌ಕೇಸ್ ಗುಡ್ಡದ ನಡುವೆ ನೆಲದ ಮೇಲೆ ಮಲಗಿದ್ದು. ಉಳಿದ ವಿಮಾನಗಳ ದರ ಆಕಾಶಕ್ಕೆ ಹೋದ ಮೇಲೆ 6ನೇ ತಾರೀಖು ಸರ್ಕಾರದ ಆದೇಶ ಬಂತು, ದರ ಇದನ್ನು ಮೀರಬಾರದು: 500 ಕಿಲೋಮೀಟರ್‌ವರೆಗೆ 7,500, ಸಾವಿರದವರೆಗೆ 12,000, ಒಂದೂವರೆ ಸಾವಿರದವರೆಗೆ 15,000, ಅದಕ್ಕೂ ಆಚೆ 18,000. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಬೇರೆ. ಬೆಂಗಳೂರಿನಿಂದ ಮಂಗಳೂರಿಗೆ ಒಂದು ಗಂಟೆ ಕೂರಲು ಏಳೂವರೆ ಸಾವಿರ ಎಂಬುದು ಅಂದು ಜನಪರ ಕ್ರಮ. ನಾವು ಅದಕ್ಕೂ ಚಪ್ಪಾಳೆ ಹೊಡೆದೆವು.

ತಮಾಷೆ ಸಾಕು. ಮೂರು ವಾರ ಮುಂಚೆ ಕೊಳ್ಳಿ ಎಂಬ ಜಾಣತನ ಗೋವಾಕ್ಕೆ ಹೊರಟವರಿಗೆ. ಅಮ್ಮ ಐಸಿಯುನಲ್ಲಿದ್ದಾರೆ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂದವನಿಗೆ ಮೂರು ವಾರ ಎಲ್ಲಿಂದ ತರುವುದು? ನಾಳೆ ಇಂಟರ್‌ವ್ಯೂ ಎಂದು ಇವತ್ತು ಮೇಲ್ ಬಂದ ಹುಡುಗಿಗೆ? ಕಂಪ್ಯೂಟರು ಅವರನ್ನು ಗುರುತಿಸಿ ಕರುಣೆ ತೋರುವುದಿಲ್ಲ, ಗುರುತಿಸಿ ದುಪ್ಪಟ್ಟು ಕೇಳುತ್ತದೆ. ಬೇರೆ ದಾರಿ ಇಲ್ಲದವನನ್ನು ಹುಡುಕಿ ಹಿಡಿಯುವುದೇ ಅದರ ಕಸುಬು. ಇದಕ್ಕೆ ಯಾವ ಮಂಗಳವಾರವೂ ಇಲ್ಲ, ಯಾವ ಗುಟ್ಟೂ ಇಲ್ಲ. ಮಿತಿ ಹಾಕಲು ಬರುತ್ತದೆ ಎಂದು ಎರಡು ಸಲ ತೋರಿಸಿದವರು ಉಳಿದ ದಿನ ಕೈಕಟ್ಟಿ ಕೂರುವುದು ನಾಚಿಕೆಗೇಡು.

ಕೊನೆಗೆ ಹೋಗಲಾಗದೆ ಟಿಕೆಟ್ ರದ್ದು ಮಾಡುವವರಿಗೆ ಒಂದು ಮಾತು. ‘ನಾನ್ ರಿಫಂಡಬಲ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಭದ್ರತಾ ಶುಲ್ಕ, ಸರ್ಕಾರಿ ತೆರಿಗೆಗಳನ್ನು ವಾಪಸ್ ಕೊಡಲೇಬೇಕೆಂದು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವಿದೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ವಿಮಾನ ಹೊರಡುವ ಮೊದಲೇ ರದ್ದು ಮಾಡಿ, ದರದ ವಿವರವಿರುವ ಪುಟ ತೆಗೆದಿಟ್ಟುಕೊಳ್ಳಿ, ಮುಂದಿನ ಟಿಕೆಟ್‌ಗೆ ಬಳಸಿಕೊಳ್ಳಿ ಎಂದು ಕಂಪನಿಯೇ ಇಟ್ಟುಕೊಳ್ಳುವ ಕ್ರೆಡಿಟ್ ಶೆಲ್ ಬೇಡ, ಹಣವೇ ಬೇಕು ಎಂದು ಬರೆದು ಕೇಳಿ. ಕೊಡದಿದ್ದರೆ ಸರ್ಕಾರದ ದೂರು ತಾಣವಾದ ಏರ್‌ಸೇವಾದಲ್ಲಿ ದೂರು ಹಾಕಿ. ಸಿಗುವುದು ಕೆಲವು ನೂರು ರೂಪಾಯಿ ಇರಬಹುದು, ಆದರೂ ಬಿಡಬೇಡಿ.