ಸಹಕಾರಂ ಗೆಲ್ಗೆ

ಒಂದು ಪ್ರದೇಶದ ಆಸ್ಪತ್ರೆಗಳೆಲ್ಲ ಕೈಜೋಡಿಸಿ ಜನರ ಆರೋಗ್ಯ ಕಾಯಬೇಕೆಂಬ ವಿಚಾರ ಹೊಸತೇನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೊಂದು ದ್ವಿತೀಯ ಹಂತದ ಕೇಂದ್ರ, ಅದಕ್ಕೂ ಮೇಲೆ ಬೋಧನಾಸ್ಪತ್ರೆ ಎಂದು ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆಯನ್ನು ಬ್ರಿಟನ್ನಿನ ಡಾಸನ್ ಸಮಿತಿ 1920ರಲ್ಲಿಯೇ ತನ್ನ ವರದಿಯಲ್ಲಿ ಬರೆದಿಟ್ಟಿತು. ನೂರು ವರ್ಷ ಕಳೆದರೂ ಈ ಹೆಣಿಗೆಯ ಎಳೆಗಳಾಗಿ ಓಡಾಡುತ್ತಿರುವವರು, ಕಂಕುಳಲ್ಲಿ ಎಕ್ಸ್‌ರೇ ಲಕೋಟೆ ಇಟ್ಟುಕೊಂಡ ರೋಗಿಯ ಬಂಧುಗಳೇ.

ಆಸ್ಪತ್ರೆಗಳು ಸುಮ್ಮನೆ ಕುಳಿತಿವೆ ಎಂದು ಯಾರೂ ದೂರಬಾರದು. ಒಪ್ಪಂದಗಳಿಗೆ ಸಹಿ ಬೀಳುತ್ತಲೇ ಇದೆ. ಇಬ್ಬರು ಮುಖ್ಯಸ್ಥರು ರೇಷ್ಮೆಬಟ್ಟೆ ಹೊದಿಸಿದ ಕಡತಗಳನ್ನು ಪರಸ್ಪರ ಬದಲಾಯಿಸಿಕೊಂಡು, ಕಡತದ ಕಡೆಗಾಗಲೀ ಒಬ್ಬರನ್ನೊಬ್ಬರಾಗಲೀ ನೋಡದೆ, ಕ್ಯಾಮೆರಾದತ್ತ ಮುಗುಳ್ನಗುತ್ತಾರೆ. ಎರಡು ಸಂಸ್ಥೆಗಳ ನಡುವೆ ಕಾಗದವೊಂದು ರೋಗಿಯ ನೆರವಿಲ್ಲದೆ ನೇರವಾಗಿ ದಾಟಿದ ಏಕೈಕ ಸಂದರ್ಭ ಬಹುಶಃ ಅದೇ.

ನಿಜವಾದ ಸಹಕಾರವನ್ನು ಕಾಣಬೇಕಾದರೆ ರೆಫರಲ್ ಚೀಟಿಯನ್ನು ಓದಬೇಕು. 'ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ' ಎಂಬ ಒಂದೇ ಸಾಲು; ಕೆಳಗೆ ಯಾರದೆಂದು ಗುರುತು ಸಿಗದ ಸಹಿ. ಯಾವ ಔಷಧ ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು, ಹೋಗುವ ಜಾಗದಲ್ಲಿ ಐಸಿಯು ಹಾಸಿಗೆ ಖಾಲಿ ಇದೆಯೇ ಎಂಬ ಕ್ಷುಲ್ಲಕ ಸಂಗತಿಗಳಿಗೆ ಅಲ್ಲಿ ಎಡೆಯಿಲ್ಲ. ಒಂದು ಫೋನ್ ಕರೆ ಮಾಡಿದ್ದರೆ ತಿಳಿಯುತ್ತಿತ್ತು ಎನ್ನುವವರಿಗೆ ಸಾಂಸ್ಥಿಕ ಘನತೆಯ ಅರಿವಿಲ್ಲ. ಹೀಗೆ ಕಳುಹಿಸುವ ಕೆಲಸದಲ್ಲಿ ಮಾತ್ರ ಎಲ್ಲ ಆಸ್ಪತ್ರೆಗಳ ನಡುವೆ ಅಪೂರ್ವವಾದ ಒಮ್ಮತವಿದೆ.

ಚೀಟಿಯ ಜೊತೆಗೆ ಸ್ಕ್ಯಾನಿನ ಸಿಡಿಯೂ ಬರುತ್ತದೆ. ಯಾವ ಕಂಪನಿಯ ಯಂತ್ರದ ಚಿತ್ರವನ್ನಾದರೂ ಮತ್ತೊಂದು ಕಡೆ ತೆರೆದು ನೋಡಲು ಸಾಧ್ಯವಾಗಲೆಂದೇ ರೂಪಿಸಿದ ಡೈಕಾಮ್ ಮಾನದಂಡ ಆ ಹೆಸರು ಪಡೆದದ್ದು 1993ರಲ್ಲಿ. ಆದರೆ ಸಿಡಿ ತಲುಪುವ ಮೇಜಿನ ಕಂಪ್ಯೂಟರಿನಲ್ಲಿ ಸಿಡಿ ತೂರಿಸುವ ಕಿಂಡಿಯೇ ಇರುವುದಿಲ್ಲ. ಇದ್ದರೂ, 'ಅವರ ಸ್ಕ್ಯಾನ್ ನಮಗೆ ನಡೆಯುವುದಿಲ್ಲ, ಇನ್ನೊಮ್ಮೆ ಮಾಡಿಸಿ' ಎಂಬ ಅಪ್ಪಣೆ ತಪ್ಪುವುದಿಲ್ಲ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದವರಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಚಿಕಿತ್ಸೆಯಿಲ್ಲದೆ ಕಳೆದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬ ಅಂದಾಜಿದೆ. ಎರಡನೆಯ ಸ್ಕ್ಯಾನಿನ ರಸೀದಿ ಮುದ್ರಣವಾಗಿ ಬರುವಷ್ಟರಲ್ಲಿ ಎಷ್ಟು ಲಕ್ಷ ಎಂಬ ಲೆಕ್ಕವನ್ನು ಮಾತ್ರ ಬಿಲ್ಲಿನಲ್ಲಿ ನಮೂದಿಸುವ ಪದ್ಧತಿಯಿಲ್ಲ.

ಉಪಕರಣಗಳ ವಿಷಯದಲ್ಲಿ ಸಹಕಾರ ಇನ್ನೂ ಉಜ್ವಲವಾಗಿದೆ: ಒಬ್ಬರು ಎಂಆರ್‌ಐ ತಂದರೆ ಪಕ್ಕದವರೂ ತರುತ್ತಾರೆ. ಹಾಗೆ ತಂದ ಎರಡೂ ಯಂತ್ರಗಳು ಅರ್ಧ ದಿನ ಖಾಲಿ ಬಿದ್ದಿರುವಾಗ, ಎರಡೂ ಕಡೆ ರಾತ್ರಿ ಪಾಳಿಗೆ ಅರಿವಳಿಕೆ ತಜ್ಞರು ಇರುವುದಿಲ್ಲ. ಯಂತ್ರಕ್ಕಾದರೆ ಉದ್ಘಾಟನೆಯುಂಟು, ರಾತ್ರಿ ಪಾಳಿಗೆ ರಿಬ್ಬನ್ ಕಟ್ಟುವುದು ಹೇಗೆ? ರಕ್ತನಿಧಿಗಳ ಕಥೆಯೂ ಇದೇ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಲ ಉಳಿಯುವುದಿಲ್ಲ; ಒಂದು ಕಡೆ ಅವಧಿ ಮುಗಿದ ಚೀಲಗಳನ್ನು ನಿಯಮಾನುಸಾರ ವಿಲೇವಾರಿ ಮಾಡುತ್ತಿರುವಾಗಲೇ, ಇನ್ನೊಂದು ಕಡೆ ರೋಗಿಯ ಮಗ ದಾನಿಗಳಿಗಾಗಿ ಮೊಬೈಲಿನಲ್ಲಿ ಗೋಗರೆಯುತ್ತಿರುತ್ತಾನೆ.

ಈ ಎಲ್ಲ ಗೊಂದಲಕ್ಕೆ ಮದ್ದೆಂದು, ರೋಗಿಯ ವಿವರ ಬರೆಯಲು ಏಕರೂಪದ ನಮೂನೆಯೊಂದನ್ನು ಸಿದ್ಧಪಡಿಸಲು ಸಮನ್ವಯ ಸಮಿತಿ ರಚನೆಯಾಗುತ್ತದೆ. ಪ್ರತಿ ಆಸ್ಪತ್ರೆಯೂ ಏಕರೂಪತೆಯ ಮಹತ್ವವನ್ನು ಮನಸಾರೆ ಒಪ್ಪಿ, ತನ್ನ ನಮೂನೆಯನ್ನೇ ಉಳಿದವರೆಲ್ಲರೂ ಬಳಸಲೆಂದು ಉದಾರವಾಗಿ ಮುಂದಿಡುತ್ತದೆ. ಯಾರ ಮನಸ್ಸಿಗೂ ನೋವಾಗಬಾರದೆಂದು ಸಮಿತಿಯು ಎಲ್ಲ ನಮೂನೆಗಳನ್ನೂ ಅಂಗೀಕರಿಸಿ, ಇನ್ನು ಮುಂದೆ ಪ್ರತಿ ರೋಗಿಯೂ ಅವೆಲ್ಲವನ್ನೂ ಮೂರು ಪ್ರತಿಗಳಲ್ಲಿ ಭರ್ತಿ ಮಾಡಿ ತರತಕ್ಕದ್ದೆಂದು ಸರ್ವಾನುಮತದಿಂದ ಠರಾವು ಮಾಡುತ್ತದೆ.